ಓಪನ್‌ಬ್ಲಾಸ್: ಗುಣಾಕಾರದಲ್ಲಿ ಗಟ್ಟಿಗ, ಹೊಂದಾಣಿಕೆಯಲ್ಲಿ ಒರಟ

ಎರಡು ಮ್ಯಾಟ್ರಿಕ್ಸ್‌ಗಳ ಗುಣಾಕಾರವನ್ನು ಹಲವು ಥ್ರೆಡ್‌ಗಳಿಗೆ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಯಾಗಿ ಓಡುವ ಕೆಲಸದ ಎಳೆಗಳಿಗೆ) ಹಂಚಿ ಮಾಡಿಸುವ ಪ್ರೋಗ್ರಾಂ ಬರೆಯುವುದು ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ತೀರಾ ಪರಿಚಿತವಾದ ಅಭ್ಯಾಸ. ಫಲಿತಾಂಶದ ಮ್ಯಾಟ್ರಿಕ್ಸ್‌ನ ಅಡ್ಡಸಾಲುಗಳನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೂ ಒಂದೊಂದು ಥ್ರೆಡ್ ಹುಟ್ಟಿಸಿ, ಎಲ್ಲವೂ ಮುಗಿಯುವವರೆಗೆ ಕಾದು ಉತ್ತರ ಮುದ್ರಿಸಿದರೆ ಪ್ರಯೋಗ ಮುಗಿಯಿತು. ಪ್ರತಿ ಥ್ರೆಡ್ಡೂ ತನ್ನ ಪಾಲಿನ ಸಾಲುಗಳಲ್ಲಿ ಮಾತ್ರ ಬರೆಯುವುದರಿಂದ ಲಾಕ್ ಹಾಕುವ ತಲೆನೋವೂ ಇಲ್ಲ. ಅದೇ ಕೋಡನ್ನು ಸಾವಿರಾರು ಸಾಲುಗಳ ದತ್ತಾಂಶದ ಮೇಲೆ ಓಡಿಸಲು ಹೊರಟವರಿಗೆ ಮಾತ್ರ, ಕೋರ್‌ಗಳು (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳು) ಹೆಚ್ಚಿದಷ್ಟೇ ವೇಗ ಹೆಚ್ಚುವುದಿಲ್ಲವೆಂಬುದು ಬೇಗನೆ ಗೊತ್ತಾಗುತ್ತದೆ. ಆ ಹಂತ ತಲುಪಿದವರು ಸಾಮಾನ್ಯವಾಗಿ ಮೊರೆಹೋಗುವ ಲೈಬ್ರರಿ ಓಪನ್‌ಬ್ಲಾಸ್. ಅದು ಉಚಿತ, ಮೂಲ ಕೋಡ್ ಎಲ್ಲರಿಗೂ ಲಭ್ಯ, ಬಿಎಸ್‌ಡಿ ಪರವಾನಗಿಯಿರುವುದರಿಂದ ವಾಣಿಜ್ಯ ಉತ್ಪನ್ನಗಳಲ್ಲೂ ಸೇರಿಸಿಕೊಳ್ಳಬಹುದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಥ್ರೆಡ್ ಮಾಡಬೇಕಾದ ಕೆಲಸವನ್ನು ಓಪನ್‌ಬ್ಲಾಸ್ ಎಷ್ಟು ಅಚ್ಚುಕಟ್ಟಾಗಿ ಮಾಡುತ್ತದೆಯೆಂದರೆ, ಕೈಯಿಂದ ಬರೆದ ಬಹು-ಥ್ರೆಡ್ ಕೋಡ್ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ, ಆದರೆ ಇಡೀ ಯಂತ್ರ ತನ್ನೊಬ್ಬನದೇ ಎಂದು ಅದು ಭಾವಿಸಿಕೊಳ್ಳುವ ರೀತಿಯಿಂದಾಗಿ, ಥ್ರೆಡ್‌ಗಳ ಸಂಖ್ಯೆಯನ್ನು ಬಳಸುವವರೇ ನಿಗದಿಪಡಿಸದಿದ್ದರೆ ಗಳಿಸಿದ ವೇಗವನ್ನೆಲ್ಲ ಕಳೆದುಕೊಳ್ಳುವ ಸಂದರ್ಭಗಳೂ ಇವೆ.

ಕೈಬರಹದ ಕೋಡ್ ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯದೆ ಈ ಲೈಬ್ರರಿಯ ಬೆಲೆ ತಿಳಿಯುವುದಿಲ್ಲ. ಪಠ್ಯಪುಸ್ತಕದ ಮೂರು ಲೂಪ್‌ಗಳ ಕ್ರಮದಲ್ಲಿ, ಒಳಗಿನ ಲೂಪ್ ಎಡ ಮ್ಯಾಟ್ರಿಕ್ಸ್‌ನ ಅಡ್ಡಸಾಲಿನ ಮೇಲೂ ಬಲ ಮ್ಯಾಟ್ರಿಕ್ಸ್‌ನ ಕಂಬಸಾಲಿನ ಮೇಲೂ ಸಾಗುತ್ತದೆ. ಸಿ ಭಾಷೆಯಲ್ಲಿ ಅಡ್ಡಸಾಲುಗಳು ಮೆಮೊರಿಯಲ್ಲಿ ಒಂದರ ಹಿಂದೆ ಒಂದರಂತೆ ಕುಳಿತಿರುತ್ತವೆ. ಆದ್ದರಿಂದ ಕಂಬಸಾಲಿನಲ್ಲಿ ಒಂದು ಹೆಜ್ಜೆ ಕೆಳಗಿಳಿಯುವುದೆಂದರೆ ಮೆಮೊರಿಯಲ್ಲಿ ಒಂದು ಪೂರ್ತಿ ಅಡ್ಡಸಾಲನ್ನು ಹಾರುವುದು. 4096 ಸಾಲುಗಳ, 4096 ಕಂಬಗಳ ಡಬಲ್ (ಒಂದೊಂದೂ ಎಂಟು ಬೈಟ್‌ನ ದಶಮಾಂಶ ಸಂಖ್ಯೆ) ಮ್ಯಾಟ್ರಿಕ್ಸ್‌ನಲ್ಲಿ ಆ ಹಾರಿಕೆ 32,768 ಬೈಟ್‌ಗಳಷ್ಟು. ಪ್ರೊಸೆಸರ್ ಮೆಮೊರಿಯಿಂದ ಒಮ್ಮೆಗೆ 64 ಬೈಟ್‌ಗಳ ಒಂದು ಸಾಲನ್ನು ತನ್ನ ಬಳಿಯ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ಗೆ ತರುತ್ತದೆ, ಅದರಲ್ಲಿ ಎಂಟು ಡಬಲ್ ಸಂಖ್ಯೆಗಳಿರುತ್ತವೆ. ನಮ್ಮ ಲೂಪ್ ಅವುಗಳಲ್ಲಿ ಒಂದನ್ನು ಮಾತ್ರ ಬಳಸಿ ಮುಂದಕ್ಕೆ ಹಾರುತ್ತದೆ. ಗಾತ್ರ ಎರಡರ ಘಾತವಾಗಿದ್ದರೆ ಇನ್ನೂ ಒಂದು ತೊಂದರೆ ಸೇರಿಕೊಳ್ಳುತ್ತದೆ: ಕೋರ್‌ಗೆ ಅತಿ ಹತ್ತಿರದ, 32 ಕಿಲೋಬೈಟ್‌ನ, ಪ್ರತಿ ಗುಂಪಿನಲ್ಲೂ ಎಂಟೇ ಸಾಲು ಹಿಡಿಯುವ ಎಲ್1 ಕ್ಯಾಶ್‌ನಲ್ಲಿ ಆ ಕಂಬಸಾಲಿನ ಅಂಶಗಳೆಲ್ಲ ಒಂದೇ ಗುಂಪಿಗೆ ಬಂದು ಬೀಳುವುದರಿಂದ, ಎಂಟಕ್ಕಿಂತ ಹೆಚ್ಚು ಸಾಲುಗಳು ಅಲ್ಲಿ ಉಳಿಯಲಾರವು. ಗಾತ್ರವನ್ನು 4096ರಿಂದ 4100ಕ್ಕೆ ಏರಿಸಿದಾಗ ಪ್ರೋಗ್ರಾಂ ನಿಧಾನವಾಗುವ ಬದಲು ವೇಗವಾಗಿ ಓಡುವ ವಿಚಿತ್ರವನ್ನು ಕಂಡವರು ಇದ್ದರೆ, ಕಾರಣ ಇದೇ.

ಇಂಥ ಕೋಡಿಗೆ ಥ್ರೆಡ್‌ಗಳನ್ನು ಸೇರಿಸಿದರೆ ಆಗುವುದಿಷ್ಟೆ: ಒಂದು ಕೋರ್ ಮೆಮೊರಿಗಾಗಿ ಕಾಯುತ್ತಿದ್ದ ಕಡೆ ಎಂಟು ಕೋರ್‌ಗಳು ಕಾಯುತ್ತವೆ. ಎಲ್ಲ ಕೋರ್‌ಗಳೂ ಹಂಚಿಕೊಳ್ಳುವ ಮೆಮೊರಿಯ ಹಾದಿ ತುಂಬಿಹೋದ ಮೇಲೆ ಒಂಬತ್ತನೆಯ ಥ್ರೆಡ್ಡಿಗೆ ಮಾಡಲು ಏನೂ ಉಳಿದಿರುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ತೋರಿಸಿಕೊಟ್ಟ ಮಿತಿ, ಅಂದರೆ ಹಂಚಲಾಗದ ಭಾಗವೇ ಒಟ್ಟು ವೇಗವನ್ನು ಕಟ್ಟಿಹಾಕುತ್ತದೆ ಎಂಬುದು, ಇಲ್ಲಿ ಮುಖ್ಯವಲ್ಲ. ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಹಂಚಲಾಗದ ಭಾಗ ಇಲ್ಲವೆನ್ನುವಷ್ಟು ಕಡಿಮೆ. ಲೂಪ್‌ಗಳ ಕ್ರಮವನ್ನು ಅದಲುಬದಲು ಮಾಡಿ ಒಳಲೂಪ್ ಅಡ್ಡಸಾಲಿನ ಮೇಲೆಯೇ ಸಾಗುವಂತೆ ಬರೆದರೆ, ಒಂದೇ ಥ್ರೆಡ್ಡಿನ ಆ ಕೋಡ್ ಎಷ್ಟೋ ಬಾರಿ ಹಳೆಯ ಕ್ರಮದ ನಾಲ್ಕು ಥ್ರೆಡ್‌ಗಳನ್ನು ಹಿಂದೆ ಹಾಕುತ್ತದೆ. ಹಂಚಿಕೆಯಲ್ಲೂ ಎಡವುವುದು ಸುಲಭ: ಅಕ್ಕಪಕ್ಕದ ಕಂಬಗಳನ್ನು ಬೇರೆ ಬೇರೆ ಥ್ರೆಡ್‌ಗಳಿಗೆ ಸರದಿಯಂತೆ ಕೊಟ್ಟರೆ, ಒಂದೇ ಕ್ಯಾಶ್ ಸಾಲಿನಲ್ಲಿ ಎಲ್ಲವೂ ಬರೆಯುತ್ತಾ ಆ ಸಾಲನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಎಳೆದಾಡುತ್ತವೆ, ಉತ್ತರ ಸರಿಯಾಗಿಯೇ ಬರುತ್ತದೆ, ಸಮಯ ಮಾತ್ರ ಹಾಳಾಗುತ್ತದೆ.

ಓಪನ್‌ಬ್ಲಾಸ್ ಈ ಸಮಸ್ಯೆಯನ್ನು ಬಿಡಿಸುವ ವಿಧಾನ ಅದು ಹುಟ್ಟುವುದಕ್ಕೆ ಮೊದಲೇ ರೂಪುಗೊಂಡದ್ದು. ಬ್ಲಾಸ್ ಎಂಬುದು ಮೂಲತಃ ವೆಕ್ಟರ್ ಮತ್ತು ಮ್ಯಾಟ್ರಿಕ್ಸ್ ಲೆಕ್ಕಗಳನ್ನು ಯಾವ ಹೆಸರಿನಿಂದ, ಹೇಗೆ ಕರೆಯಬೇಕೆಂಬ ಬಗ್ಗೆ ಫೋರ್ಟ್ರಾನ್ ಭಾಷೆಯ ಕಾಲದ ಒಂದು ಒಪ್ಪಂದ: ವೆಕ್ಟರ್‌ಗಳ ಮೇಲಿನ ಮೊದಲ ಹಂತದ ಕ್ರಿಯೆಗಳು 1979ರಲ್ಲಿ, ಮ್ಯಾಟ್ರಿಕ್ಸ್ ಮತ್ತು ವೆಕ್ಟರ್‌ಗಳ ಎರಡನೆಯ ಹಂತ 1988ರಲ್ಲಿ, ಮ್ಯಾಟ್ರಿಕ್ಸ್‌ಗಳ ನಡುವಿನ ಗುಣಾಕಾರವಿರುವ ಮೂರನೆಯ ಹಂತ 1990ರಲ್ಲಿ ಪ್ರಕಟವಾದವು. ಆ ಮೂರನೆಯ ಹಂತದ ಮುಖ್ಯ ಕ್ರಿಯೆಯಾದ ಜೆಮ್ (ಮ್ಯಾಟ್ರಿಕ್ಸ್ ಗುಣಾಕಾರ) ಅನ್ನು ಪ್ರೊಸೆಸರ್‌ನ ಮಿತಿಯವರೆಗೆ ಕೊಂಡೊಯ್ದವರು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದ್ದ ಕಜುಶಿಗೆ ಗೋಟೋ. ಅವರು ಬರೆದ ಗೋಟೋಬ್ಲಾಸ್‌ನ ಕೊನೆಯ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು 2011ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯಲ್ಲಿ ಜಾಂಗ್ ಶಿಯಾನ್‌ಯಿ ಅವರು ಓಪನ್‌ಬ್ಲಾಸ್ ಆರಂಭಿಸಿದರು. ಗೋಟೋ ಅವರ ವಿಧಾನದಲ್ಲಿ ಮ್ಯಾಟ್ರಿಕ್ಸ್‌ಗಳನ್ನು ಇದ್ದಲ್ಲಿಯೇ ಇಟ್ಟು ಗುಣಿಸುವುದಿಲ್ಲ. ಬಲ ಮ್ಯಾಟ್ರಿಕ್ಸ್‌ನ ಒಂದು ಪಟ್ಟಿಯನ್ನೂ ಎಡ ಮ್ಯಾಟ್ರಿಕ್ಸ್‌ನ ಒಂದು ತುಂಡನ್ನೂ ಮೊದಲು ಪ್ರತ್ಯೇಕ ಜಾಗಕ್ಕೆ, ಬಳಸುವ ಕ್ರಮದಲ್ಲಿಯೇ ಒತ್ತೊತ್ತಾಗಿ ನಕಲು ಮಾಡಿಕೊಳ್ಳಲಾಗುತ್ತದೆ. ಎಡದ ತುಂಡು ಎಲ್1ಕ್ಕಿಂತ ದೊಡ್ಡದಾದ ಎಲ್2 ಕ್ಯಾಶ್‌ನಲ್ಲಿ ಹಿಡಿಯುವಷ್ಟು, ಬಲದ ಪಟ್ಟಿಯ ಸಣ್ಣ ಎಳೆ ಎಲ್1ರಲ್ಲಿ ಹಿಡಿಯುವಷ್ಟು, ಫಲಿತಾಂಶದ ಪುಟ್ಟ ಚೌಕವೊಂದು ಕೋರ್‌ನೊಳಗಿನ ರಿಜಿಸ್ಟರ್‌ಗಳಲ್ಲಿಯೇ ನಿಲ್ಲುವಷ್ಟು. ಮದುವೆಮನೆಯ ಅಡುಗೆಯವರು ಒಂದೊಂದು ಒಗ್ಗರಣೆಗೂ ಉಗ್ರಾಣಕ್ಕೆ ಓಡದೆ, ಒಲೆ ಹಚ್ಚುವ ಮೊದಲೇ ಬೇಕಾದದ್ದನ್ನು ಬೇಕಾದ ಕ್ರಮದಲ್ಲಿ ಕೈಗೆಟುಕುವಂತೆ ಜೋಡಿಸಿಕೊಳ್ಳುವ ಹಾಗೆ. ನಕಲಿಗೆ ಹಿಡಿಯುವ ಸಮಯ ಗಾತ್ರದ ವರ್ಗಕ್ಕೆ ತಕ್ಕಂತೆ ಬೆಳೆದರೆ ಗುಣಾಕಾರದ ಸಮಯ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ, ದೊಡ್ಡ ಮ್ಯಾಟ್ರಿಕ್ಸ್‌ಗಳಲ್ಲಿ ಆ ಖರ್ಚು ಕಣ್ಣಿಗೇ ಬೀಳುವುದಿಲ್ಲ.

ಒಳಗಿನ ಪುಟ್ಟ ಲೂಪ್ ಅನ್ನು ಪ್ರತಿ ಬಗೆಯ ಪ್ರೊಸೆಸರ್‌ಗೂ ಬೇರೆ ಬೇರೆಯಾಗಿ, ಬಹಳ ಕಡೆ ಅಸೆಂಬ್ಲಿಯಲ್ಲಿಯೇ ಬರೆಯಲಾಗಿದೆ. ಇಂಟೆಲ್, ಎಎಮ್‌ಡಿ, ಆರ್ಮ್, ಪವರ್, ರಿಸ್ಕ್-ಫೈವ್ ಮುಂತಾದ ಎಲ್ಲ ಮುಖ್ಯ ಕುಟುಂಬಗಳಿಗೂ ಬೆಂಬಲವಿದೆ. ಡೈನಮಿಕ್ ಆರ್ಕ್ ಎಂಬ ಆಯ್ಕೆಯೊಂದಿಗೆ ಕಂಪೈಲ್ ಮಾಡಿದರೆ ಒಂದೇ ಫೈಲಿನೊಳಗೆ ಹಲವು ಪ್ರೊಸೆಸರ್‌ಗಳ ಕೋಡ್ ಸೇರಿಕೊಂಡು, ಓಡುವ ಹೊತ್ತಿಗೆ ಯಂತ್ರವನ್ನು ಗುರುತಿಸಿ ಸರಿಯಾದದ್ದನ್ನು ಆರಿಸಿಕೊಳ್ಳುತ್ತದೆ. ಥ್ರೆಡ್‌ಗಳ ಪಾತ್ರ ಬರುವುದು ಇಷ್ಟೆಲ್ಲ ಆದ ಮೇಲೆ.

ಈ ಎಚ್ಚರಿಕೆಯಿಂದ ಏನು ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 4096 ಗಾತ್ರದ ಎರಡು ಚೌಕ ಮ್ಯಾಟ್ರಿಕ್ಸ್‌ಗಳನ್ನು ಗುಣಿಸಲು ಗುಣಾಕಾರ, ಸಂಕಲನ ಎರಡೂ ಸೇರಿ ಸುಮಾರು 13,700 ಕೋಟಿ ಕ್ರಿಯೆಗಳು ಬೇಕು. ಒಂದೇ ಆಜ್ಞೆಯಲ್ಲಿ ನಾಲ್ಕು ಡಬಲ್‌ಗಳ ಮೇಲೆ ಕೆಲಸ ಮಾಡುವ ಎವಿಎಕ್ಸ್2 ಇರುವ, ಗುಣಿಸಿ ಕೂಡುವುದನ್ನು ಒಟ್ಟಿಗೆ ಮಾಡುವ ಎರಡು ಎಫ್‌ಎಂಎ ಘಟಕಗಳಿರುವ ಕೋರ್ ಒಂದು ಗಡಿಯಾರ ಮಿಡಿತದಲ್ಲಿ 16 ಡಬಲ್ ಕ್ರಿಯೆಗಳನ್ನು ಮಾಡಬಲ್ಲದು. 3 ಗಿಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 4,800 ಕೋಟಿ. ಹಾಗಾಗಿ ಒಂದು ಕೋರ್‌ಗೆ ಕನಿಷ್ಠ 2.9 ಸೆಕೆಂಡು, ಎಂಟು ಕೋರ್‌ಗಳಿಗೆ ಕನಿಷ್ಠ 0.36 ಸೆಕೆಂಡು ಸಾಕು. ದೊಡ್ಡ ಗಾತ್ರಗಳಲ್ಲಿ ಓಪನ್‌ಬ್ಲಾಸ್ ಈ ಮಿತಿಯ ಬಹುಪಾಲನ್ನು ಮುಟ್ಟುತ್ತದೆ. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಬಿಸಿಯ ಕಾರಣಕ್ಕೆ ಗಡಿಯಾರದ ವೇಗವೇ ಇಳಿಯುವುದರಿಂದ ಎಂಟು ಕೋರ್‌ಗಳಲ್ಲಿ ಸರಿಯಾಗಿ ಎಂಟು ಪಟ್ಟು ಸಿಗುವುದಿಲ್ಲ, ಲ್ಯಾಪ್‌ಟಾಪ್‌ಗಳಲ್ಲಂತೂ ಈ ಇಳಿತ ಎದ್ದು ಕಾಣುತ್ತದೆ. ಪಠ್ಯಪುಸ್ತಕದ ಮೂರು ಲೂಪ್‌ಗಳ ಕೋಡ್ ಮಾತ್ರ ಇದೇ ಕೆಲಸಕ್ಕೆ ನಿಮಿಷದ ಲೆಕ್ಕದಲ್ಲಿ ಸಮಯ ತಿನ್ನುವುದು ಸಾಮಾನ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ಗಳ ಬಗ್ಗೆ ಹೇಳುವಾಗ ಲೆಕ್ಕದ ವೇಗದ ಅಳತೆಯಾದ ಪೆಟಾಫ್ಲಾಪ್‌ಗಳ ಮಾತು ಬರುತ್ತದಲ್ಲ, ಅದನ್ನು ಅಳೆಯಲು ಲೋಕವೆಲ್ಲ ಬಳಸುವ ಲಿನ್‌ಪ್ಯಾಕ್ ಪರೀಕ್ಷೆಯ ಸಮಯದ ಬಹುಭಾಗವೂ ಇದೇ ಜೆಮ್ ಕ್ರಿಯೆಯಲ್ಲಿಯೇ ಕಳೆಯುತ್ತದೆ.

ಬಳಕೆ ಸರಳ. ಸಿ ಭಾಷೆಯಲ್ಲಿ ಸಿಬ್ಲಾಸ್ (ಬ್ಲಾಸ್‌ನ ಸಿ ರೂಪ) ಮೂಲಕ ಡಿಜೆಮ್ (ಡಬಲ್ ಸಂಖ್ಯೆಗಳ ಜೆಮ್) ಅನ್ನು ಕರೆಯಬೇಕು. ಹದಿನಾಲ್ಕು ಆರ್ಗ್ಯುಮೆಂಟ್‌ಗಳ ಆ ಕರೆಯನ್ನು ನೋಡಿ ಹೊಸಬರು ಬೆಚ್ಚುವುದು ಸಹಜವಾದರೂ, ಅಡ್ಡಸಾಲಿನ ಕ್ರಮವೋ ಕಂಬಸಾಲಿನ ಕ್ರಮವೋ ಎಂಬ ಮೊದಲನೆಯದನ್ನೂ ಪ್ರತಿ ಮ್ಯಾಟ್ರಿಕ್ಸ್‌ನ ಸಾಲಿನಿಂದ ಸಾಲಿಗಿರುವ ಅಂತರವನ್ನೂ ಸರಿಯಾಗಿ ಕೊಟ್ಟರೆ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ. ಪೈಥಾನ್ ಬಳಸುವವರಿಗೆ ಅಷ್ಟೂ ಬೇಡ. ಲಿನಕ್ಸ್ ಮತ್ತು ವಿಂಡೋಸ್‌ಗೆ ಪಿಪ್ ಮೂಲಕ ಬರುವ, ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ಪೈಥಾನ್ ಲೈಬ್ರರಿ ನಂಪೈ ತನ್ನೊಳಗೇ ಓಪನ್‌ಬ್ಲಾಸ್ ಇಟ್ಟುಕೊಂಡು ಬರುತ್ತದೆ. ಒಮ್ಮೆಗೆ ಒಂದೇ ಥ್ರೆಡ್ಡಿಗೆ ಪೈಥಾನ್ ಕೋಡ್ ಓಡಿಸಲು ಬಿಡುವ ಜಿಐಎಲ್ ಲಾಕ್‌ನಿಂದಾಗಿ ಶುದ್ಧ ಪೈಥಾನ್‌ನಲ್ಲಿ ಬರೆದ ಮೂರು ಲೂಪ್‌ಗಳನ್ನು ಥ್ರೆಡ್‌ಗಳಿಗೆ ಹಂಚಿದರೆ ಸಾಮಾನ್ಯ ಪೈಥಾನ್‌ನಲ್ಲಿ ಯಾವ ಲಾಭವೂ ಇಲ್ಲ. ನಂಪೈ ಗುಣಾಕಾರಕ್ಕೆ ಇಳಿಯುವಾಗ ಆ ಲಾಕನ್ನು ಬಿಟ್ಟುಕೊಡುವುದರಿಂದ, ಕೆಳಗಿನ ಓಪನ್‌ಬ್ಲಾಸ್ ಥ್ರೆಡ್‌ಗಳು ತಡೆಯಿಲ್ಲದೆ ಓಡುತ್ತವೆ. ಬಹಳ ಜನ ಗಮನಿಸದ ಒಂದು ಸಂಗತಿಯಿದೆ: ಪೂರ್ಣಾಂಕಗಳ ಮ್ಯಾಟ್ರಿಕ್ಸ್‌ಗಳಿಗೆ ನಂಪೈ ಬ್ಲಾಸ್ ಅನ್ನು ಬಳಸುವುದೇ ಇಲ್ಲ, ಏಕೆಂದರೆ ಬ್ಲಾಸ್‌ನಲ್ಲಿ ಪೂರ್ಣಾಂಕಗಳ ಜೆಮ್ ಇಲ್ಲ. ಎಂಟು ಕೋರ್‌ಗಳ ಯಂತ್ರದಲ್ಲಿ ಒಂದೇ ಕೋರ್ ಬೆವರುತ್ತಿದ್ದರೆ ಮೊದಲು ದತ್ತಾಂಶದ ಬಗೆಯನ್ನು ನೋಡಬೇಕು. ನಿಖರತೆ ಸಾಕೆನಿಸಿದರೆ 32 ಬಿಟ್‌ನ ಫ್ಲೋಟ್‌ಗೆ ಇಳಿಯುವುದರಿಂದ, ಒಂದು ಹೆಚ್ಚುವರಿ ಥ್ರೆಡ್ಡೂ ಇಲ್ಲದೆ ವೇಗ ಸುಮಾರು ಎರಡು ಪಟ್ಟಾಗುತ್ತದೆ.

ಇನ್ನು ಒರಟುತನದ ವಿಚಾರ. ಏನೂ ಹೇಳದಿದ್ದರೆ ಓಪನ್‌ಬ್ಲಾಸ್ ತನಗೆ ಕಾಣುವ ಕೋರ್‌ಗಳಷ್ಟೂ ಥ್ರೆಡ್‌ಗಳನ್ನು ಹುಟ್ಟಿಸುತ್ತದೆ. ಪ್ರೋಗ್ರಾಂ ಒಂದೇ ಇದ್ದು, ಗುಣಾಕಾರ ಒಂದೇ ನಡೆಯುತ್ತಿದ್ದರೆ ಅದು ಸರಿಯೇ. ಆದರೆ ಎಂಟು ಕೋರ್‌ಗಳ ಯಂತ್ರದಲ್ಲಿ ಪೈಥಾನ್‌ನ ಮಲ್ಟಿಪ್ರೊಸೆಸಿಂಗ್ ಮೂಲಕ ಎಂಟು ಪ್ರಕ್ರಿಯೆಗಳನ್ನು ಎಬ್ಬಿಸಿ, ಪ್ರತಿಯೊಂದರಲ್ಲೂ ನಂಪೈ ಗುಣಾಕಾರ ನಡೆಸಿದರೆ, ಒಂದೊಂದು ಪ್ರಕ್ರಿಯೆಯೂ ಎಂಟೆಂಟು ಥ್ರೆಡ್ ಹುಟ್ಟಿಸಿ ಒಟ್ಟು 64 ಥ್ರೆಡ್‌ಗಳು ಎಂಟು ಕೋರ್‌ಗಳಿಗಾಗಿ ಕಿತ್ತಾಡುತ್ತವೆ. ಒಂದು ಥ್ರೆಡ್ ಪ್ರಯಾಸಪಟ್ಟು ಕ್ಯಾಶ್‌ನಲ್ಲಿ ಜೋಡಿಸಿಕೊಂಡ ತುಂಡನ್ನು ಮತ್ತೊಂದು ಬಂದು ಹೊರಹಾಕುತ್ತದೆ; ಗೋಟೋ ಅವರ ವಿಧಾನದ ಸಾರವೇ ಅಲ್ಲಿ ವ್ಯರ್ಥವಾಗುತ್ತದೆ. ಕೆಲಸ ಮುಗಿಸಿದ ಥ್ರೆಡ್‌ಗಳೂ ತಕ್ಷಣ ನಿದ್ರೆಗೆ ಹೋಗದೆ ಮುಂದಿನ ಕೆಲಸಕ್ಕಾಗಿ ಸ್ವಲ್ಪ ಹೊತ್ತು ಸುತ್ತುತ್ತಲೇ ಕಾಯುವುದರಿಂದ, ಕೋರ್‌ಗಳೆಲ್ಲ ನೂರು ಶೇಕಡ ದುಡಿಯುತ್ತಿರುವಂತೆ ಟಾಪ್ ಆಜ್ಞೆಯಲ್ಲಿ ಕಂಡರೂ ಕೆಲಸ ಅಷ್ಟು ಸಾಗಿರುವುದಿಲ್ಲ.

ಕಂಟೇನರ್‌ಗಳಲ್ಲಿ (ಒಂದೇ ಯಂತ್ರದಲ್ಲಿ ಪ್ರೋಗ್ರಾಂಗಳನ್ನು ಪ್ರತ್ಯೇಕಿಸಿ ಓಡಿಸುವ ಆವರಣಗಳಲ್ಲಿ) ಇದು ಇನ್ನೂ ಕೆಡುತ್ತದೆ. 64 ಕೋರ್‌ಗಳ ಸರ್ವರ್‌ನಲ್ಲಿ ಡಾಕರ್ ಮೂಲಕ ಎರಡು ಸಿಪಿಯುಗಳಷ್ಟು ಪಾಲನ್ನು ಮಾತ್ರ ಕೊಟ್ಟಿದ್ದರೂ, ಆ ಪಾಲು ಸಮಯದ ಮಿತಿಯೇ ಹೊರತು ಕೋರ್‌ಗಳ ಪಟ್ಟಿಯಲ್ಲವಾದ್ದರಿಂದ, ಲೈಬ್ರರಿಗೆ ಎಲ್ಲ ಕೋರ್‌ಗಳೂ ಕಾಣುತ್ತವೆ. ಅಷ್ಟು ಥ್ರೆಡ್‌ಗಳು ಎರಡು ಸಿಪಿಯುಗಳ ಸಮಯವನ್ನು ಕ್ಷಣದಲ್ಲಿ ಮುಗಿಸಿ, ಮುಂದಿನ ಸರದಿಯವರೆಗೆ ಕರ್ನಲ್ ಅವುಗಳನ್ನು ತಡೆಹಿಡಿಯುತ್ತದೆ. ಟಾಸ್ಕ್‌ಸೆಟ್‌ನಂಥ ಆಜ್ಞೆಯಿಂದ ಕೋರ್‌ಗಳನ್ನೇ ಗೊತ್ತುಪಡಿಸಿದ್ದರೆ ಓಪನ್‌ಬ್ಲಾಸ್ ಅದನ್ನು ಗೌರವಿಸುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು.

ಪರಿಹಾರ ಕಠಿಣವೇನಲ್ಲ, ಆದರೆ ಅದನ್ನು ಹುಡುಕಿ ತಿಳಿಯಬೇಕು. ಓಪನ್‌ಬ್ಲಾಸ್ ನಮ್ ಥ್ರೆಡ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಬೇಕಾದ ಸಂಖ್ಯೆಯನ್ನು ಕೊಟ್ಟರಾಯಿತು. ಲೈಬ್ರರಿ ಅದನ್ನು ಲೋಡ್ ಆಗುವಾಗಲೇ ಓದುವುದರಿಂದ, ಪೈಥಾನ್‌ನಲ್ಲಿ ನಂಪೈ ಇಂಪೋರ್ಟ್ ಮಾಡಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಓಡುವ ಮಧ್ಯದಲ್ಲಿ ಸಂಖ್ಯೆ ಬದಲಿಸಬೇಕಾದರೆ ಪೈಥಾನ್‌ನಲ್ಲಿ ಥ್ರೆಡ್‌ಪೂಲ್‌ಸಿಟಿಎಲ್ ಎಂಬ ಪುಟ್ಟ ಪ್ಯಾಕೇಜ್ ಇದೆ, ಸಿ ಭಾಷೆಯಲ್ಲಿ ಅದಕ್ಕೆಂದೇ ಫಂಕ್ಷನ್ ಇದೆ. ನಾನು ಅನುಸರಿಸುವ ನಿಯಮ ಸರಳವಾದದ್ದು: ಹೊರಗಿನಿಂದ ನಾವೇ ಕೆಲಸ ಹಂಚಿದ್ದರೆ ಒಳಗೆ ಓಪನ್‌ಬ್ಲಾಸ್‌ಗೆ ಒಂದೇ ಥ್ರೆಡ್, ದೊಡ್ಡ ಗುಣಾಕಾರ ಒಂದೇ ಇದ್ದರೆ ಎಲ್ಲ ಭೌತಿಕ ಕೋರ್‌ಗಳೂ ಅದಕ್ಕೆ. ಭೌತಿಕ ಎಂದು ಒತ್ತಿ ಹೇಳಲು ಕಾರಣವಿದೆ. ಹೈಪರ್‌ಥ್ರೆಡಿಂಗ್‌ನಿಂದ ದ್ವಿಗುಣವಾಗಿ ಕಾಣುವ ಕೋರ್‌ಗಳು ಗುಣಾಕಾರದ ಘಟಕಗಳನ್ನು ಹಂಚಿಕೊಂಡಿರುತ್ತವೆ. ಒಂದೇ ಥ್ರೆಡ್ ಆ ಘಟಕಗಳನ್ನು ತುಂಬಿಬಿಟ್ಟಿರುವಾಗ ಎರಡನೆಯದಕ್ಕೆ ಅಲ್ಲಿ ಜಾಗವಿಲ್ಲ. ವೇಗದ ಕೋರ್‌ಗಳ ಜೊತೆ ಮಿತವ್ಯಯದ ಸಣ್ಣ ಕೋರ್‌ಗಳೂ ಇರುವ ಹೊಸ ಪ್ರೊಸೆಸರ್‌ಗಳಲ್ಲಿಯೂ ಎಚ್ಚರ ಬೇಕು: ಕೆಲಸವನ್ನು ಮೊದಲೇ ಸಮಪಾಲಾಗಿ ಹಂಚಿದಾಗ ವೇಗದವು ತಮ್ಮ ಪಾಲು ಮುಗಿಸಿ ನಿಧಾನದವುಗಳಿಗಾಗಿ ಕಾಯುತ್ತವೆ.

ಚಿಕ್ಕ ಮ್ಯಾಟ್ರಿಕ್ಸ್‌ಗಳ ವಿಷಯದಲ್ಲಿ ಲೈಬ್ರರಿ ಜಾಣತನ ತೋರಿಸುತ್ತದೆ. ಒಂದು ಮಿತಿಗಿಂತ ಕೆಳಗೆ ಥ್ರೆಡ್‌ಗಳನ್ನು ಎಬ್ಬಿಸುವ ಗೋಜಿಗೇ ಹೋಗುವುದಿಲ್ಲ. ಆದರೂ ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು ಗಾತ್ರದ ಲಕ್ಷಾಂತರ ಗುಣಾಕಾರಗಳಿಗೆ ಇದು ಸರಿಯಾದ ಸಾಧನವಲ್ಲ. ಗಾತ್ರ ಕಂಪೈಲ್ ಸಮಯದಲ್ಲೇ ಗೊತ್ತಿದ್ದರೆ ಸಿ++ನ ಐಗನ್ ಲೈಬ್ರರಿ ಉತ್ತಮ.

ದೋಷ ಸಂದೇಶಗಳು ನನಗೆ ಒಪ್ಪಿಗೆಯಾಗದ ಭಾಗ. ಕಂಪೈಲ್ ಮಾಡುವಾಗ ಗೊತ್ತುಪಡಿಸಿದ ಗರಿಷ್ಠ ಸಂಖ್ಯೆಗಿಂತ ಹೆಚ್ಚು ಥ್ರೆಡ್‌ಗಳಿಂದ ಕರೆ ಬಂದಾಗ, ಮೆಮೊರಿಯ ಭಾಗಗಳನ್ನು ಅತಿಯಾಗಿ ಕೇಳಿದ್ದರಿಂದ ಪ್ರೋಗ್ರಾಂ ನಿಲ್ಲಿಸಲಾಗಿದೆ ಎಂಬರ್ಥದ ಸಂದೇಶ ಹಳೆಯ ಆವೃತ್ತಿಗಳಲ್ಲಿ ಬರುತ್ತಿತ್ತು. ಅದನ್ನು ಓದಿದವರು ರ‍್ಯಾಮ್ ಸಾಲದೆಂದು ತಿಳಿಯುತ್ತಾರೆಯೇ ಹೊರತು ಥ್ರೆಡ್‌ಗಳು ಹೆಚ್ಚಾದವೆಂದು ಊಹಿಸಲಾರರು. ದಾಖಲೆಗಳಲ್ಲಿಯೂ ಬೇಕಾದ ಮಾಹಿತಿಯೆಲ್ಲ ಇದೆ, ಆದರೆ ಥ್ರೆಡ್‌ಗಳ ಬಗ್ಗೆ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರಬೇಕಾದದ್ದು ಪ್ರಶ್ನೋತ್ತರಗಳ ನಡುವೆ ಅಡಗಿ ಕುಳಿತಿದೆ. ಥ್ರೆಡ್‌ಗಳ ಸಂಖ್ಯೆ ಬದಲಾದಾಗ ಕೂಡುವ ಕ್ರಮವೂ ಬದಲಾಗಿ ಉತ್ತರದ ಕೊನೆಯ ಅಂಕೆಗಳು ಹೆಚ್ಚುಕಡಿಮೆಯಾಗಬಹುದು. ಫ್ಲೋಟಿಂಗ್ ಪಾಯಿಂಟ್ ಸಂಕಲನದ ಗುಣವೇ ಅದು, ದೋಷವೆಂದು ಎಣಿಸಬಾರದು. ಪ್ರತಿ ಬಾರಿಯೂ ಕೊನೆಯ ಬಿಟ್‌ವರೆಗೆ ಅದೇ ಉತ್ತರ ಬೇಕೆನ್ನುವವರಿಗೆ ಇಂಟೆಲ್‌ನದೇ ಇಂಥ ಲೈಬ್ರರಿಯಾದ ಎಂಕೆಎಲ್‌ನಲ್ಲಿ ಅದಕ್ಕೆಂದೇ ಒಂದು ವ್ಯವಸ್ಥೆಯಿದೆ, ಓಪನ್‌ಬ್ಲಾಸ್‌ನಲ್ಲಿ ಅಂಥ ಭರವಸೆಯಿಲ್ಲ.

ಹೋಲಿಕೆಗೆ ಬರುವ ಉಳಿದವುಗಳಲ್ಲಿ ಎಂಕೆಎಲ್ ಉಚಿತವಾಗಿ ಸಿಕ್ಕರೂ ಅದರ ಮೂಲ ಕೋಡ್ ಮುಚ್ಚಿದೆ. ಟೆಕ್ಸಸ್‌ನಲ್ಲಿಯೇ ಬೆಳೆದ ಬ್ಲಿಸ್ ಎಂಬ ಲೈಬ್ರರಿ, ಗೋಟೋ ವಿಧಾನದ ಯಾವ ಲೂಪ್ ಅನ್ನು ಎಷ್ಟು ಥ್ರೆಡ್‌ಗಳಿಗೆ ಹಂಚಬೇಕೆಂದು ಪ್ರತ್ಯೇಕವಾಗಿ ಹೇಳಲು ಅವಕಾಶ ಕೊಡುತ್ತದೆ. ಹೇಳದಿದ್ದರೆ ಒಂದೇ ಥ್ರೆಡ್ಡಿನಲ್ಲಿ ಓಡುತ್ತದೆ. ಕೇಳದೆ ಎಲ್ಲವನ್ನೂ ಆಕ್ರಮಿಸುವುದಕ್ಕಿಂತ ಇದು ನನಗೆ ಹೆಚ್ಚು ಸಭ್ಯವಾಗಿ ಕಾಣುತ್ತದೆ, ಆದರೆ ಪ್ರೊಸೆಸರ್‌ಗಳ ವೈವಿಧ್ಯದಲ್ಲಿಯೂ ಸುಲಭವಾಗಿ ಸಿಗುವುದರಲ್ಲಿಯೂ ಓಪನ್‌ಬ್ಲಾಸ್ ಮುಂದಿದೆ.

ಉಬುಂಟು ಅಥವಾ ಡೆಬಿಯನ್ ಬಳಸುವವರು ಮೊದಲು ಮಾಡಬೇಕಾದದ್ದು ತಮ್ಮಲ್ಲಿ ಇರುವುದು ಯಾವುದೆಂದು ನೋಡುವುದು. ಆ್ಯಪ್ಟ್ ಮೂಲಕ ಹಾಕಿಕೊಂಡ ನಂಪೈ, ಬೇರೆ ಯಾವುದೂ ಇಲ್ಲದಿದ್ದರೆ, ಥ್ರೆಡ್‌ಗಳೇ ಇಲ್ಲದ ಮೂಲ ಮಾದರಿಯ ಬ್ಲಾಸ್‌ಗೆ ಜೋಡಿಕೊಂಡಿರುತ್ತದೆ. ನಂಪೈ ನಿಧಾನವೆಂದು ದೂರುವ ಎಷ್ಟೋ ಜನರ ಸಮಸ್ಯೆ ಇಷ್ಟೇ ಆಗಿರುತ್ತದೆ. ನಂಪೈನ ಶೋ ರನ್‌ಟೈಮ್ ಫಂಕ್ಷನ್ ಯಾವ ಲೈಬ್ರರಿ, ಎಷ್ಟು ಥ್ರೆಡ್‌ಗಳು ಎಂಬುದನ್ನು ತೋರಿಸುತ್ತದೆ, ಥ್ರೆಡ್‌ಪೂಲ್‌ಸಿಟಿಎಲ್ ಇದ್ದರೆ. ಓಪನ್‌ಬ್ಲಾಸ್ ಅಲ್ಲಿ ಮೂರು ರೂಪಗಳಲ್ಲಿ ಸಿಗುತ್ತದೆ: ಪಿಥ್ರೆಡ್ (ತನ್ನದೇ ಥ್ರೆಡ್‌ಗಳನ್ನು ಹುಟ್ಟಿಸುವುದು), ಓಪನ್‌ಎಂಪಿ (ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವ ಆ ಹೆಸರಿನ ವ್ಯವಸ್ಥೆಯನ್ನು ಬಳಸುವುದು) ಮತ್ತು ಸೀರಿಯಲ್ (ಒಂದೇ ಥ್ರೆಡ್ಡಿನದು). ಸಾಮಾನ್ಯ ಬಳಕೆಗೆ ಮೊದಲನೆಯದು. ತಮ್ಮ ಕೋಡಿನಲ್ಲಿ ಈಗಾಗಲೇ ಓಪನ್‌ಎಂಪಿ ಬಳಸುತ್ತಿರುವವರಿಗೆ, ಎರಡೂ ಒಂದೇ ಥ್ರೆಡ್ ಗುಂಪನ್ನು ಹಂಚಿಕೊಳ್ಳುವುದರಿಂದ, ಎರಡನೆಯದು. ಹಂಚಿಕೆಯೆಲ್ಲ ತಮ್ಮ ಕೈಯಲ್ಲೇ ಇರಲಿ ಎನ್ನುವವರಿಗೆ ಮೂರನೆಯದು. ಮೂರನ್ನೂ ಹಾಕಿಕೊಂಡು ಅಪ್‌ಡೇಟ್ ಆಲ್ಟರ್ನೇಟಿವ್ಸ್ ಆಜ್ಞೆಯಿಂದ ಒಂದರಿಂದೊಂದಕ್ಕೆ ಬದಲಿಸುತ್ತಾ, ತಮ್ಮದೇ ಪ್ರೋಗ್ರಾಂ ಅನ್ನು ಒಂದು ಥ್ರೆಡ್ಡಿನಿಂದ ಆರಂಭಿಸಿ ಮೇಲಕ್ಕೆ ಏರಿಸುತ್ತಾ ಅಳೆದು ನೋಡಬಹುದು. ಪ್ರೋಗ್ರಾಂ ಅನ್ನು ಮತ್ತೆ ಕಂಪೈಲ್ ಮಾಡುವ ಅಗತ್ಯವೂ ಇಲ್ಲ.